ಆರಿಂಚಿನ ತೊಲೆಗೆ ನೆಟ್ಟಗೆ ತೂತು ಹಾಕುವುದು

ಅರ್ಧ ಇಂಚಿನ ಹಲಗೆಗೆ ತೂತು ಹಾಕುವುದು ದೊಡ್ಡ ಮಾತಲ್ಲ. ಡ್ರಿಲ್ ಸ್ವಲ್ಪ ವಾಲಿದರೂ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆರಿಂಚು ದಪ್ಪದ ತೊಲೆ ಎದುರಿಗಿದ್ದರೆ ಹಾಗಲ್ಲ. ಈ ಕಡೆ ಗುರುತಿನ ಮೇಲೆ ಸರಿಯಾಗಿ ಇಳಿದ ಬಿಟ್, ಆ ಕಡೆ ಎಲ್ಲೋ ಹೊರಗೆ ಬರುತ್ತದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಡ್ರಿಲ್ ಒಂದೇ ಒಂದು ಡಿಗ್ರಿ ವಾಲಿದೆ ಅಂದುಕೊಳ್ಳಿ. ಬರಿಗಣ್ಣಿಗೆ ಅದು ನೆಟ್ಟಗೇ ಕಾಣುತ್ತದೆ. ಟ್ಯಾನ್ 1 ಡಿಗ್ರಿ ಅಂದರೆ ಸುಮಾರು 0.0175. ಆರಿಂಚು, ಅಂದರೆ ಹತ್ತಿರ ಹತ್ತಿರ 150 ಮಿ.ಮೀ. ದಾಟುವಷ್ಟರಲ್ಲಿ ತೂತು 2.6 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಮೂರು ಡಿಗ್ರಿ ವಾಲಿದರೆ ಸುಮಾರು 8 ಮಿ.ಮೀ. ತೊಲೆಯನ್ನು ಕಂಬಕ್ಕೆ ಬಿಗಿಯುವ ಬೋಲ್ಟಿನ ದಪ್ಪವೇ 12 ಮಿ.ಮೀ. ಇರುವಾಗ 8 ಮಿ.ಮೀ. ತಪ್ಪಿದರೆ ಕಂಬವೂ ತೊಲೆಯೂ ಕೂಡುವುದೇ ಇಲ್ಲ. "ಟೀಚರ್, ಈ ತ್ರಿಕೋನಮಿತಿ ಎಲ್ಲಿ ಉಪಯೋಗಕ್ಕ ಬರ್ತದರಿ?" ಅಂತ ಹತ್ತನೇ ತರಗತಿಯ ಮಕ್ಕಳು ಕೇಳಿದರೆ ನಾನು ಕೊಡುವ ಉದಾಹರಣೆ ಇದೇ.

ಈಗ ಕೈಯಲ್ಲಿರುವ ಕೆಲಸ ಒಂದು ತೂಗುಮಂಚ. ಆಳಂದ ತಾಲೂಕಿನ ನಮ್ಮ ಊರಲ್ಲಿ ಹಳೇ ಜಂತಿಮನೆಯೊಂದನ್ನು ಕೆಡವಿದರು. ಮಣ್ಣಿನ ಮಾಳಿಗೆ ಹೊತ್ತಿದ್ದ ಸಾಗವಾನಿ ತೊಲೆಗಳು ಇನ್ನೂ ಗಟ್ಟಿಮುಟ್ಟಾಗಿದ್ದವು. ಎಂಟಡಿ ಉದ್ದ, ಆರಿಂಚು ಚೌಕದ ಒಂದು ತೊಲೆಯನ್ನು ಕಲಬುರಗಿಗೆ ತರಿಸಿಕೊಂಡೆ. ಅಂಗಳದಲ್ಲಿ ಎರಡೂ ಕಡೆ ಜೋಡಿ ಕಂಬ, ಜೋಡಿಯ ನಡುವೆ ತೊಲೆಯ ತುದಿ, ಅಡ್ಡಕ್ಕೆ ಬೋಲ್ಟು. ತೊಲೆಯ ಮೇಲಿಂದ ಕೆಳಗೆ ಹಾಯುವ ಕೊಂಡಿ ಬೋಲ್ಟುಗಳಿಗೆ ಮಂಚದ ಸರಪಳಿ. ಅಂದರೆ ಒಂದೇ ಮರಕ್ಕೆ ನಿಂತ ತೂತೂ ಬೇಕು, ಮಲಗಿದ ತೂತೂ ಬೇಕು. ಮನೆಮಂದಿ ಕೂತು ತೂಗುವ ವಸ್ತು ಇದು. ಸೊಟ್ಟ ತೂತಿಗೆ ಸುತ್ತಿಗೆಯಿಂದ ಬಡಿದು ಕೂರಿಸಿದ ಬೋಲ್ಟನ್ನು ನಾನು ನಂಬುವುದಿಲ್ಲ. ಅದರ ವಾಷರ್ ಒಂದು ಅಂಚಿನ ಮೇಲಷ್ಟೇ ಕೂರುತ್ತದೆ. ಭಾರವೆಲ್ಲ ಆ ಅಂಚಿಗೇ ಬೀಳುತ್ತದೆ.

ಸ್ಟ್ಯಾಂಡ್ ಇರುವ ದೊಡ್ಡ ಡ್ರಿಲ್ ಮಷೀನ್ ಇದ್ದರೆ ಈ ತಾಪತ್ರಯವೇ ಇಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಸಣ್ಣ ತುಂಡುಗಳಿಗೆ ಅದು ನಿಜ. ಆದರೆ ಈ ತೊಲೆಯ ತೂಕವೇ 30 ಕೆ.ಜಿ. ದಾಟುತ್ತದೆ. ಆ ಮಷೀನಿನ ಪುಟ್ಟ ಮೇಜಿನ ಮೇಲೆ ಎಂಟಡಿ ಮರ ಇಟ್ಟರೆ ಎರಡೂ ತುದಿ ಗಾಳಿಯಲ್ಲಿ ನೇತಾಡುತ್ತವೆ. ಒಂದು ತುದಿ ಜಗ್ಗಿದರೂ ಸಾಕು, ಮಷೀನ್ ನೆಟ್ಟಗಿದ್ದೂ ತೂತು ಸೊಟ್ಟ. ಬಿಟ್‌ಗೂ ಹಿಂದಿನ ಕಂಬಕ್ಕೂ ನಡುವಿನ ಜಾಗ ಕೂಡ ಕಡಿಮೆ. ಅಗಲವಾದ ಹಲಗೆಯ ಮಧ್ಯಕ್ಕೆ ಅದು ಮುಟ್ಟುವುದೇ ಇಲ್ಲ. ದೊಡ್ಡ ಮರದ ವಿಷಯದಲ್ಲಿ ಮಷೀನನ್ನೇ ಮರದ ಹತ್ತಿರ ಒಯ್ಯಬೇಕು. ಹಾಗೆ ಒಯ್ದ ಕೈಮಷೀನ್ ನೆಟ್ಟಗೆ ನಿಲ್ಲಬೇಕಾದರೆ ಗಟ್ಟಿ ಕೈಗಿಂತ ಸರಿಯಾದ ಗುರುತು, ಮೊದಲ ಒಂದಿಂಚಿಗೆ ಒಂದು ಆಸರೆ, ಇವೆರಡೇ ಮುಖ್ಯ. ಒಂದಿಂಚು ಇಳಿದ ಮೇಲೆ ಬಿಟ್ ತಾನು ಮಾಡಿಕೊಂಡ ದಾರಿಯನ್ನೇ ಹಿಡಿದು ಹೋಗುತ್ತದೆ. ಆಮೇಲೆ ತಿದ್ದಲು ಹೋದರೆ ತೂತು ಅಗಲವಾಗುತ್ತದೆ ಅಥವಾ ಬಿಟ್ ಬಾಗುತ್ತದೆ.

ನಮ್ಮ ಕಾಕಾ ಊರಲ್ಲಿ ಬಡಿಗತನ ಮಾಡಿದವರು. ಚಕ್ಕಡಿ, ಕುಂಟೆ, ಕೂರಿಗೆ ಎಲ್ಲ ಅವರ ಕೈಯಲ್ಲಿ ಆಗಿವೆ. ಕೂರಿಗೆಯ ದಿಂಡಿಗೆ ಹಾಕುವ ತೂತುಗಳು ಒಂದಕ್ಕೊಂದು ಸರಿಯಾಗಿ ಬರದಿದ್ದರೆ ಹೊಲದಲ್ಲಿ ತೊಗರಿ ಸಾಲುಗಳ ಅಂತರವೇ ಹೆಚ್ಚುಕಡಿಮೆ ಆಗುತ್ತದೆ. ಊರೆಲ್ಲ ನೋಡುವ ತಪ್ಪು ಅದು. ಅಂಥ ಕೆಲಸ ಮಾಡಿದವರಿಗೆ ಗುರುತು ಹಾಕುವುದರ ಬಗ್ಗೆ ಇರುವ ಶ್ರದ್ಧೆಯೇ ಬೇರೆ. "ಯವ್ವಾ, ಮಷೀನ್ ಆಮ್ಯಾಲ ಹಿಡಿ. ಮೊದಲ ಪೆನ್ಸಿಲ್ ಹಿಡಿ" ಅಂತ ಅವರು ಈಗಲೂ ಹೇಳುತ್ತಾರೆ.

ಹಳೇ ತೊಲೆಯಾದರೆ ಪೆನ್ಸಿಲ್‌ಗಿಂತಲೂ ಮೊದಲು ಮೊಳೆ ಹುಡುಕಬೇಕು. ಕೆಟ್ಟುಹೋದ ಸ್ಪೀಕರ್‌ನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ಪಕ್ಕದಲ್ಲಿ ನಿಧಾನಕ್ಕೆ ಒಯ್ಯಿರಿ. ಮೊಳೆ ಇದ್ದ ಕಡೆ ಅದು ಮರದ ಕಡೆಗೆ ಜಗ್ಗುತ್ತದೆ. ಮೊಳೆಯ ಸುತ್ತ ಮರ ಕಪ್ಪಾಗಿರುವುದೂ ಉಂಟು. ಒಳಗೆ ಮುರಿದುಕೊಂಡ ಮೊಳೆಗೆ ಬಿಟ್ ತಾಗಿದರೆ ಅದರ ಬಾಯಿ ಹೋಗುವುದಷ್ಟೇ ಅಲ್ಲ, ಅಲ್ಲಿಂದ ಮುಂದೆ ಬಿಟ್ ಪಕ್ಕಕ್ಕೆ ಜಾರುತ್ತದೆ.

ಈಗ ಗುರುತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತೂತು ಹಾಕುವುದಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ನನ್ನ ತೊಲೆ ಬಾಚಿಯಿಂದ ಕೆತ್ತಿದ್ದು. ನಾಲ್ಕು ಮುಖಗಳಲ್ಲಿ ಯಾವುದೂ ಇನ್ನೊಂದಕ್ಕೆ ಸರಿಯಾಗಿ ಮೂಲೆಗಿರಲಿಲ್ಲ. ಇಂಥ ಮರದ ನಾಲ್ಕೂ ಮುಖ ಸರಿ ಮಾಡುವ ಅಗತ್ಯ ಇಲ್ಲ. ಎರಡು ಸಾಕು. ಒಂದು ಮುಖವನ್ನು ರಂಧಾ ಹೊಡೆದು ಸಪಾಟು ಮಾಡಿ. ಅದರ ಪಕ್ಕದ ಮುಖವನ್ನು ಮೂಲೆಮಟ್ಟ (90 ಡಿಗ್ರಿ ನೋಡುವ L ಆಕಾರದ ಸಾಧನ) ಹಿಡಿದು ಮೊದಲನೆಯದಕ್ಕೆ ಸರಿಯಾಗಿ 90 ಡಿಗ್ರಿಗೆ ತನ್ನಿ. ಎರಡರ ಮೇಲೂ ದೊಡ್ಡದಾಗಿ ಪೆನ್ಸಿಲ್ ಗುರುತು ಹಾಕಿ. ಇನ್ನು ಮುಂದೆ ಎಲ್ಲ ಅಳತೆಯೂ ಈ ಎರಡು ಮುಖಗಳಿಂದಲೇ. ತೊಲೆಯ ಆ ಕಡೆ ಗುರುತು ಹಾಕುವಾಗಲೂ ಅಳತೆ ಇದೇ ಮುಖದಿಂದ ಹೋಗಬೇಕು. "ಹೆಂಗೂ ನಡುವೆ ತಾನೇ" ಅಂತ ಆ ಕಡೆಯ ಅಂಚಿನಿಂದ ಅಳೆದರೆ ಕೆಲಸ ಕೆಟ್ಟಿತು. ಹಳೇ ತೊಲೆ ಒಂದು ತುದಿಯಲ್ಲಿ ಆರಿಂಚು ಇದ್ದರೆ ಇನ್ನೊಂದು ತುದಿಯಲ್ಲಿ ಐದೂಮುಕ್ಕಾಲು ಇರುತ್ತದೆ.

ಮೂಲೆಮಟ್ಟವನ್ನೂ ಪರೀಕ್ಷೆ ಮಾಡಿಕೊಳ್ಳಿ. ಹೊಸದು ಅಂತ ನಂಬಬೇಡಿ. ಪ್ಲೈವುಡ್‌ನ ನೇರ ಅಂಚಿಗೆ ಹಚ್ಚಿ ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದೇ ಆದರೆ ಮಟ್ಟ ಸರಿ ಇದೆ. ಎರಡು ಗೆರೆ ಕವಲೊಡೆದರೆ ಮಟ್ಟದ ತಪ್ಪು ಅದರ ಅರ್ಧದಷ್ಟು.

ಆಮೇಲೆ ತೂತು ಬರಬೇಕಾದ ಜಾಗದಲ್ಲಿ ಒಂದು ಗೆರೆಯನ್ನು ನಾಲ್ಕೂ ಮುಖದ ಮೇಲೆ ಸುತ್ತ ಎಳೆಯುತ್ತೇನೆ. ಚೂಪು ಪೆನ್ಸಿಲ್ ಬೇಕು, ಚಾಕುವಾದರೆ ಇನ್ನೂ ಒಳ್ಳೇದು. ಎಳೆಯುವಾಗ ಮಟ್ಟದ ಹಿಡಿ ಗುರುತು ಮಾಡಿದ ಎರಡು ಮುಖಗಳಿಗೇ ತಾಗಿರಬೇಕು. ಸುತ್ತಿ ಬಂದ ಗೆರೆ ಹೊರಟ ಜಾಗಕ್ಕೇ ಬಂದು ಸೇರಬೇಕು. ಸೇರದೇ ಹೋದರೆ ಎಲ್ಲೋ ಒಂದು ಮುಖ ಕೈಕೊಟ್ಟಿದೆ ಅಂತ ಅರ್ಥ. ಸೇರುವ ತನಕ ಡ್ರಿಲ್‌ಗೆ ಕೈ ಹಾಕಬಾರದು. ಗೆರೆ ಸೇರಿದ ಮೇಲೆ ಎರಡೂ ಕಡೆ ತೂತಿನ ಕೇಂದ್ರದಲ್ಲಿ ಚೂಪು ಮೊಳೆಯಿಂದ ಆಳವಾಗಿ ಒಂದು ಚುಕ್ಕೆ ಒತ್ತುತ್ತೇನೆ. ಎರಡೂ ಕಡೆ. ಒಂದೇ ಕಡೆ ಒತ್ತಿ ಬಿಡುವುದಲ್ಲ.

ಇನ್ನು ಆಸರೆ. ಅಂಗಡಿಯಲ್ಲಿ ಎರಡು ರಾಡಿನ ಡ್ರಿಲ್ ಗೈಡ್ ಸಿಗುತ್ತದೆ. ಅಗ್ಗದ್ದರಲ್ಲಿ ರಾಡು ಅಲ್ಲಾಡುತ್ತದೆ. ಕೊಂಡುಕೊಳ್ಳುವವರು ಬಿಟ್ ಹಾಕಿ, ಪೂರ್ತಿ ಕೆಳಗಿಳಿಸಿ, ಮೂಲೆಮಟ್ಟ ಹಿಡಿದು ನೋಡಿ ತನ್ನಿ. ನನಗೆ ಅದಕ್ಕಿಂತ ಹಿಡಿಸಿದ್ದು ಮರದ ದಿಂಬು. ಗಟ್ಟಿ ಜಾಲಿ ಮರದ ತುಂಡು, ಮೂರಿಂಚು ದಪ್ಪ. ಅದನ್ನು ಕಪನೂರು ಕಡೆಯ ಒಂದು ವರ್ಕ್‌ಶಾಪಿಗೆ ಒಯ್ದು, ಅಲ್ಲಿನ ಸ್ಟ್ಯಾಂಡ್ ಇರುವ ಡ್ರಿಲ್ ಮಷೀನಿನಲ್ಲಿ ಅರ್ಧ ಇಂಚಿನ ತೂತು ಹಾಕಿಸಿಕೊಂಡು ಬಂದೆ. ದೊಡ್ಡ ಮಷೀನಿನ ನೆಟ್ಟನೆಯ ತೂತನ್ನು ಈ ಪುಟ್ಟ ತುಂಡಿನಲ್ಲಿ ಮನೆಗೆ ತಂದ ಹಾಗೆ ಆಯಿತು, ಅಲ್ವಾ?

ದಿಂಬು ಯಾಕೆ ಮೂರಿಂಚು ಇರಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಬಿಟ್‌ಗೂ ದಿಂಬಿನ ತೂತಿಗೂ ನಡುವೆ ಕಾಲು ಮಿ.ಮೀ. ಸಡಿಲ ಇದ್ದೇ ಇರುತ್ತದೆ. ದಿಂಬು 25 ಮಿ.ಮೀ. ದಪ್ಪ ಇದ್ದರೆ ಆ ಸಡಿಲ 150 ಮಿ.ಮೀ. ಆಳಕ್ಕೆ ಹೋಗುವಷ್ಟರಲ್ಲಿ ಒಂದೂವರೆ ಮಿ.ಮೀ. ಆಗಬಹುದು. 75 ಮಿ.ಮೀ. ದಪ್ಪ ಇದ್ದರೆ ಅರ್ಧ ಮಿ.ಮೀ. ಅಷ್ಟೇ. ದಿಂಬು ದಪ್ಪವಾದಷ್ಟೂ ಬಿಟ್ ಉದ್ದ ಬೇಕು, ಅದೊಂದೇ ತೊಂದರೆ. 230 ಮಿ.ಮೀ. ಉದ್ದದ ಬಿಟ್ ಇದ್ದರೆ ನನ್ನ ಕೆಲಸಕ್ಕೆ ಸಾಕು.

ದಿಂಬು ಸರಿ ಇದೆಯಾ ಅಂತ ನೋಡುವುದಕ್ಕೂ ಮಗುಚುವ ಉಪಾಯವೇ. ತೂತಿಗೆ ಬಿಗಿಯಾಗಿ ಕೂರುವ ನೇರ ಸರಳು ಹಾಕಿ ಸಪಾಟಾದ ಜಾಗದಲ್ಲಿ ನಿಲ್ಲಿಸಿ. ನಮ್ಮ ಮನೆಯ ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಕಟ್ಟೆ ನನಗೆ ಇದಕ್ಕೆ ಸರಿಯಾಗಿದೆ. ಪಕ್ಕಕ್ಕೆ ಮೂಲೆಮಟ್ಟ ಹಿಡಿಯಿರಿ. ಆಮೇಲೆ ದಿಂಬನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಿಡಿಯಿರಿ. ಮೊದಲು ಎಡಕ್ಕೆ ಬಾಗಿದ್ದು ಈಗ ಬಲಕ್ಕೆ ಬಾಗಿದರೆ ತೂತೇ ಸೊಟ್ಟ. ಎರಡು ಸಲವೂ ಮಟ್ಟಕ್ಕೆ ತಾಗಿ ನಿಂತರೆ, ಇನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ದಿಕ್ಕನ್ನೂ ನೋಡಿ.

ದಿಂಬನ್ನು ತೊಲೆಯ ಮೇಲೆ ಇಟ್ಟರೆ ಚುಕ್ಕೆ ಕಾಣುವುದಿಲ್ಲ. ಅದಕ್ಕೆ ಬಿಟ್ಟನ್ನು ಮೊದಲೇ ದಿಂಬಿಗೆ ಹಾಕಿ, ಅದರ ತುದಿಯನ್ನು ಚುಕ್ಕೆಗೆ ಕೂರಿಸಿ, ದಿಂಬನ್ನು ಮೆಲ್ಲಗೆ ಕೆಳಗೆ ಸರಿಸಿ ಕ್ಲಾಂಪ್ ಬಿಗಿಯುತ್ತೇನೆ. ಒಂದು ಕ್ಲಾಂಪ್ ಸಾಲದು, ದಿಂಬು ತಿರುಗುತ್ತದೆ. ಎರಡು ಹಾಕಿ. ಪದೇ ಪದೇ ಬಳಸಿದರೆ ದಿಂಬಿನ ತೂತು ಸವೆಯುತ್ತದೆ. ತುಂಬಾ ತೂತು ಹಾಕುವುದಿದ್ದರೆ ಒಳಗೆ ಹಿತ್ತಾಳೆಯ ಬುಷ್ ಕೂರಿಸಿಕೊಳ್ಳಬಹುದು.

ವರ್ಕ್‌ಶಾಪಿನವರೆಗೆ ಹೋಗಲು ಆಗದವರು ಎರಡು ನೇರ ಪಟ್ಟಿಗಳನ್ನು ಉದ್ದಕ್ಕೆ ಮೂಲೆಗೆ ಕೂಡಿಸಿ, ಕೆಳಗಿನ ತುದಿಯನ್ನು ಸರಿಯಾಗಿ 90 ಡಿಗ್ರಿಗೆ ಕೊಯ್ದು, ಆ ಒಳಮೂಲೆಗೆ ಬಿಟ್ ತಾಗಿಸಿಕೊಂಡು ತೂತು ಹಾಕಬಹುದು. ಖರ್ಚೇ ಇಲ್ಲ. ದಿಂಬಿನಷ್ಟು ಕರಾರುವಾಕ್ಕಲ್ಲ, ಆದರೆ ಬರೀ ಕೈಗಿಂತ ಎಷ್ಟೋ ಮೇಲು.

ದಿಂಬು ಇಡಲು ಜಾಗ ಇಲ್ಲದ ಕಡೆ ಹಳೇ ಸಿ.ಡಿ. ಉಪಯೋಗಕ್ಕೆ ಬರುತ್ತದೆ. ಸಿ.ಡಿ.ಯ ನಡುವಿನ ತೂತು 15 ಮಿ.ಮೀ. ಹೊಳೆಯುವ ಕಡೆ ಮೇಲೆ ಮಾಡಿ ತೊಲೆಯ ಮೇಲಿಟ್ಟು, ಬಿಟ್ಟನ್ನು ಆ ತೂತಿನಿಂದ ಇಳಿಸಿ ಚುಕ್ಕೆಗೆ ಕೂರಿಸಿ. ಸಿ.ಡಿ.ಯಲ್ಲಿ ಬಿಟ್‌ನ ಬಿಂಬ ಕಾಣುತ್ತದೆ. ಬಿಟ್ಟೂ ಬಿಂಬವೂ ಒಂದೇ ಗೆರೆಯಾಗಿ ಕಂಡರೆ ಆ ದಿಕ್ಕಿಗೆ ನೆಟ್ಟಗಿದೆ. ನಡುವೆ ಮುರಿದ ಹಾಗೆ ಕಂಡರೆ ವಾಲಿದೆ. ಇದರಲ್ಲಿ ತಪ್ಪು ಎರಡು ಪಟ್ಟಾಗಿ ಕಾಣುತ್ತದೆ, ಅದೇ ಇದರ ಲಾಭ. ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಬೇಕು. ಸ್ವಲ್ಪ ಆಳ ಇಳಿದ ಮೇಲೆ ಪುಡಿ ತುಂಬಿ ಏನೂ ಕಾಣುವುದಿಲ್ಲ, ಆಗ ಸಿ.ಡಿ. ತೆಗೆದುಬಿಡಿ.

ನಮ್ಮ ಕಣ್ಣಿಗೆ ಎಡಬಲದ ವಾಲಿಕೆ ಬೇಗ ಗೊತ್ತಾಗುತ್ತದೆ. ಹಿಂದೆಮುಂದಿನ ವಾಲಿಕೆ ಗೊತ್ತಾಗುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಇನ್ನೊಬ್ಬರು ಇರಬೇಕು. ನನ್ನ ಮಗಳು ತೊಲೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮೂಲೆಮಟ್ಟ ನಿಲ್ಲಿಸಿಕೊಂಡು ನೋಡುತ್ತಾಳೆ. "ಅವ್ವಾ, ನಿನ್ನ ಕಡಿ ಬಾಗ್ಯದ... ಇನ್ನಷ್ಟು... ಹಾಂ, ಈಗ ಸೀದಾ." ಅವಳು ಹೇಳಿದ ಮೇಲೆಯೇ ನಾನು ಗುಂಡಿ ಒತ್ತುತ್ತೇನೆ.

ಮಲಗಿದ ತೂತಿಗೆ ಬರೋಣ. ಅಡ್ಡಕ್ಕೆ ಡ್ರಿಲ್ ಹಿಡಿದಾಗ ಮಷೀನಿನ ಭಾರವೇ ಅದರ ಹಿಂಭಾಗವನ್ನು ಕೆಳಗೆ ಜಗ್ಗುತ್ತದೆ. ಇದಕ್ಕೆ ಕಾಕಾ ತೋರಿಸಿದ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ. ಅವರು ಬಿಟ್‌ನ ನುಣುಪಾದ ಭಾಗದ ಮೇಲೆ, ಸುರುಳಿ ಮುಗಿದು ಚಕ್ (ಮಷೀನು ಬಿಟ್ ಕಚ್ಚಿ ಹಿಡಿಯುವ ಬಾಯಿ) ಶುರುವಾಗುವ ನಡುವೆ, ಒಂದು ಸಡಿಲ ವಾಷರ್ ತೂಗುಬಿಟ್ಟರು. ಮೊದಲು ರಸಮಟ್ಟ ಇಟ್ಟು ತೊಲೆಯನ್ನು ಸಮ ಮಾಡಿ, ತೂತು ಹಾಕುವ ಮುಖ ನೆಟ್ಟಗೆ ನಿಂತಿದೆಯಾ ಅಂತ ನೋಡಿಕೊಂಡೆವು. ಅಂಗಳದ ಫರ್ಸಿ ಏರುತಗ್ಗು, ತೊಲೆಯ ಕೆಳಗೆ ಮರದ ಚೂರು ಕೊಡಬೇಕಾಯಿತು. ಡ್ರಿಲ್ ನಿಧಾನಕ್ಕೆ ತಿರುಗತೊಡಗಿದಾಗ ವಾಷರ್ ಬಿಟ್ ಮೇಲೆ ಕುಣಿಯತೊಡಗಿತು. ಬಿಟ್ ಸಮ ಇದ್ದರೆ ಅದು ಇದ್ದಲ್ಲೇ ಕುಣಿಯುತ್ತದೆ. ಹಿಂಭಾಗ ಕೆಳಗಾದರೆ ಚಕ್ ಕಡೆಗೆ ಸರಿಯುತ್ತದೆ. ಹಿಂಭಾಗ ಮೇಲಾದರೆ ಮರದ ಕಡೆಗೆ. ಕಾಕಾ ಡ್ರಿಲ್ ಕಡೆ ನೋಡಲೇ ಇಲ್ಲ. ವಾಷರನ್ನೇ ನೋಡುತ್ತಾ ಬೆರಳು ಮೇಲೆ ಕೆಳಗೆ ಮಾಡಿ ತೋರಿಸುತ್ತಿದ್ದರು. ನಾನು ಮೊಣಕೈಯನ್ನು ಅಷ್ಟೇ ಏರಿಸುತ್ತಿದ್ದೆ, ಇಳಿಸುತ್ತಿದ್ದೆ. "ಬೈರಗಿ ಕಾಲದಾಗ ಇದಕ್ಕ ಉಂಗುರ ಹಾಕ್ತಿದ್ವಿ" ಅಂದರು. ಬೈರಗಿ ಅಂದರೆ ಕೈಯಿಂದ ತಿರುಗಿಸಿ ತೂತು ಹಾಕುವ ಹಳೇ ಸಾಧನ.

ವಾಷರ್ ಹೇಳುವುದು ಮೇಲೆ ಕೆಳಗಿನ ವಿಷಯ ಮಾತ್ರ. ಎಡಬಲಕ್ಕೆ ತೊಲೆಯ ಮೇಲೆ ಎಳೆದ ಗೆರೆಯನ್ನೇ ನೋಡಬೇಕು. ಮೇಲಿನಿಂದ ಬಗ್ಗಿ ನೋಡಿದರೆ ಬಿಟ್ ಆ ಗೆರೆಯ ಮುಂದುವರಿಕೆಯ ಹಾಗೆ ಕಾಣಬೇಕು.

ಇಷ್ಟೆಲ್ಲ ಮಾಡಿದರೂ ನಾನು ಒಂದೇ ಕಡೆಯಿಂದ ಪೂರ್ತಿ ತೂತು ಹಾಕುವುದಿಲ್ಲ. ಈ ಕಡೆಯಿಂದ ಅರ್ಧ, ಆ ಕಡೆಯಿಂದ ಅರ್ಧ. ಮರದ ಒಳಗೆ ಏನಿದೆ ಅಂತ ಯಾರೂ ನೋಡಿಲ್ಲ. ಒಂದು ಗಂಟು ಇದ್ದರೆ ಬಿಟ್ ಅದನ್ನು ತಪ್ಪಿಸಿಕೊಂಡು ಪಕ್ಕದ ಮೆತ್ತಗಿನ ಮರದ ಕಡೆ ಹೊರಳುತ್ತದೆ. ಎರಡೂ ಕಡೆಯಿಂದ ಹಾಕಿದರೆ ಬೋಲ್ಟು ಒಳಹೋಗುವ ಬಾಯಿ, ಹೊರಬರುವ ಬಾಯಿ ಎರಡೂ ಗುರುತಿನ ಮೇಲೇ ಇರುತ್ತವೆ. ಇದ್ದ ತಪ್ಪೆಲ್ಲ ಮಧ್ಯದಲ್ಲಿ ಒಂದು ಸಣ್ಣ ಮೆಟ್ಟಿಲಾಗಿ ಉಳಿಯುತ್ತದೆ. ಅದೇ ಬಿಟ್ಟನ್ನು ಒಂದು ಕಡೆಯಿಂದ ಪೂರ್ತಿ ಹಾಯಿಸಿದರೆ ಅದೂ ಹೋಗುತ್ತದೆ. ಇಲ್ಲದಿದ್ದರೆ ದುಂಡನೆ ಅರ. ಇನ್ನೊಂದು ಲಾಭವೂ ಇದೆ. ಬಿಟ್ ಹೊರಬರುವಾಗ ಮರದ ಸಿಬಿರು ಎದ್ದು ಬಾಯಿ ಹರಿಯುವ ಸಮಸ್ಯೆಯೇ ಬರುವುದಿಲ್ಲ.

ಬಿಟ್ ಬಗ್ಗೆ ಎರಡು ಮಾತು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಕಡೆ ಹೋಗಿ ಸುಮ್ನೆ "ಉದ್ದನೇ ಬಿಟ್ ಕೊಡ್ರಿ" ಅಂದರೆ ಬಹಳ ಸಲ ಗೋಡೆಯ ಬಿಟ್ ಕೊಡುತ್ತಾರೆ. ಅದು ಕಲ್ಲು ಪುಡಿ ಮಾಡುವುದಕ್ಕೆ, ಮರ ಕೊಯ್ಯುವುದಕ್ಕಲ್ಲ. ಮರಕ್ಕೆ ಆಗರ್ ಬಿಟ್ ಅಂತ ಕೇಳಿ. ಅದರ ತುದಿಯಲ್ಲಿ ಪುಟ್ಟ ಸ್ಕ್ರೂ ಇರುತ್ತದೆ. ಅದೇ ಮರದೊಳಗೆ ಎಳೆದುಕೊಂಡು ಹೋಗುತ್ತದೆ, ನಾವು ಒತ್ತುವ ಕೆಲಸ ಇಲ್ಲ. ಒತ್ತದಿದ್ದಾಗ ಕೈ ವಾಲುವುದೂ ಕಡಿಮೆ. ಮರದ ತುದಿಯಿಂದ, ಅಂದರೆ ಎಳೆಗಳ ಉದ್ದಕ್ಕೆ ತೂತು ಹಾಕುವಾಗ ಮಾತ್ರ ಆ ಸ್ಕ್ರೂಗೆ ಸರಿಯಾದ ಹಿಡಿತ ಸಿಗುವುದಿಲ್ಲ. ಅಲ್ಲಿ ನಡುವೆ ಚೂಪು ಮೊನೆ ಇರುವ ಮರದ ಬಿಟ್ ಒಳ್ಳೇದು. ಮೊದಲು ಸಣ್ಣ ಬಿಟ್‌ನಿಂದ ಆಳವಾಗಿ ಹಾಕಿ ಆಮೇಲೆ ದೊಡ್ಡದು ಮಾಡುವ ಪದ್ಧತಿ ಆಳದ ತೂತಿಗೆ ನನಗೆ ಸರಿ ಅನ್ನಿಸುವುದಿಲ್ಲ. ಸಣ್ಣ ಬಿಟ್ ತೆಳ್ಳಗಿರುವುದರಿಂದ ಅದೇ ಮೊದಲು ಬಾಗುತ್ತದೆ. ದೊಡ್ಡದು ಅದರ ಸೊಟ್ಟ ದಾರಿಯನ್ನೇ ಹಿಡಿಯುತ್ತದೆ.

ಮಷೀನನ್ನು ಒಂದನೇ ಗೇರಿನಲ್ಲಿಡಿ. ಪಕ್ಕದ ಹಿಡಿ ಕಡ್ಡಾಯ. ಆಗರ್ ಸಿಕ್ಕಿಕೊಂಡರೆ ಮಷೀನೇ ತಿರುಗಿ ಮಣಿಕಟ್ಟು ಹಿಂಡುತ್ತದೆ. ಇಂಚಿಗೊಮ್ಮೆ ಬಿಟ್ ಹೊರಗೆಳೆದು ಪುಡಿ ತೆಗೆಯಿರಿ. ಪುಡಿ ಕಟ್ಟಿಕೊಂಡರೆ ಬಿಟ್ ಕಾಯುತ್ತದೆ, ಮರ ಸುಡುತ್ತದೆ, ದಾರಿಯೂ ತಪ್ಪುತ್ತದೆ.

ನಟ್ಟು, ವಾಷರ್ ಒಳಗೆ ಮುಚ್ಚಿಹೋಗುವಂತೆ ಅಗಲದ ಗುಳಿ ಬೇಕಿದ್ದರೆ ಅದನ್ನೇ ಮೊದಲು ಹಾಕಬೇಕು. ಹಾಯುವ ತೂತು ಮೊದಲು ಹಾಕಿಬಿಟ್ಟರೆ ಅಗಲದ ಬಿಟ್‌ನ ಮೊನೆ ನಿಲ್ಲಲು ನಡುವೆ ಮರವೇ ಇರುವುದಿಲ್ಲ. ಅದು ಬಾಯಿಯ ಸುತ್ತ ಓಡಾಡಿ ಮುಖ ಕೆಡಿಸುತ್ತದೆ. ಗುಳಿಯ ತಳದಲ್ಲಿ ಉಳಿದ ಮೊನೆಯ ಗುರುತೇ ಮುಂದಿನ ತೂತಿಗೆ ಕೇಂದ್ರ.

ತೂತು ಎಲ್ಲಿಯೋ ಹೋಗಿದ್ದರೆ ಅದನ್ನು ಅಲ್ಲಾಡಿಸಿ ದೊಡ್ಡದು ಮಾಡಬೇಡಿ. ಅದೇ ಜಾತಿಯ ಮರದ ಗೂಟ ಮಾಡಿ, ಅಂಟು ಹಚ್ಚಿ ತುಂಬಿ, ಒಣಗಿದ ಮೇಲೆ ದಿಂಬು ಇಟ್ಟು ಹೊಸದಾಗಿ ಹಾಕಿ. ಭಾರ ಹೊರುವ ಕೊಂಡಿ ಬೋಲ್ಟಿನ ತೂತಾದರೆ ತುಂಬುವ ಬದಲು ಜಾಗವನ್ನೇ ಕೆಲವು ಇಂಚು ಬದಲಾಯಿಸುವುದು ಒಳ್ಳೇದು.

12 ಮಿ.ಮೀ. ಬೋಲ್ಟಿಗೆ ನಾನು ಅರ್ಧ ಇಂಚಿನ, ಅಂದರೆ 12.7 ಮಿ.ಮೀ. ತೂತು ಹಾಕಿದ್ದೇನೆ. ನಮ್ಮ ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮರ ಅಡ್ಡಗಲಕ್ಕೆ ಕುಗ್ಗುತ್ತದೆ, ಮಳೆಗಾಲದಲ್ಲಿ ಮತ್ತೆ ಹಿಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ತೂತು ತೀರಾ ಬಿಗಿ ಇದ್ದರೆ ಬೋಲ್ಟಿನ ಸುತ್ತ ಮರ ಸೀಳುವ ಭಯ. ಈ ಮುಕ್ಕಾಲು ಮಿ.ಮೀ. ಅದಕ್ಕೆ ಬಿಟ್ಟ ಜಾಗ. ಬೋಲ್ಟಿಗೆ ಮೇಣ ಸವರಿ ಕೈಯಿಂದಲೇ ಒಳಗೆ ನೂಕಿದ್ದಾಯಿತು, ಸುತ್ತಿಗೆ ಬೇಕಾಗಲಿಲ್ಲ. ಮೇಲೆ ಅಗಲದ ಕಬ್ಬಿಣದ ಪಟ್ಟಿ, ಅದರ ಮೇಲೆ ಎರಡು ನಟ್ಟು, ಒಂದನ್ನೊಂದು ಕಚ್ಚಿ ಹಿಡಿಯುವ ಹಾಗೆ. ಮೇ ಕೊನೆಗೆ ಮರ ಪೂರ್ತಿ ಒಣಗಿರುತ್ತದೆ. ಆಗ ಎಲ್ಲ ನಟ್ಟುಗಳನ್ನೂ ಒಮ್ಮೆ ಪಾನಾ ಹಾಕಿ ನೋಡಬೇಕು. ಸಡಿಲ ಆಗಿದ್ದನ್ನು ವಾಷರ್ ಮರಕ್ಕೆ ಕಚ್ಚುವಷ್ಟು ಬಿಗಿ ಮಾಡಿದರೆ ಸಾಕು. ಮಳೆಗಾಲದಲ್ಲಿ ಮರ ಹಿಗ್ಗಿ ಉಳಿದ ಬಿಗಿಯನ್ನು ತಾನೇ ತೆಗೆದುಕೊಳ್ಳುತ್ತದೆ.